ವಿದ್ಯಾರ್ಥಿಯೂ ಐಚ್ಛಿಕ ವಿಷಯವೂ

(ಶ್ರೀಮಠದ ಮಹೋತ್ಸವದ ಎರಡನೆಯ ದಿನ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಇಂಥ ಮಹೋತ್ಸವಗಳಲ್ಲಿ ಪಾಠಶಾಲೆಯ ಪಂಡಿತನಾದವನು ಷಟ್‌ಸ್ಥಲವನ್ನೋ ಶಾಸ್ತ್ರಾರ್ಥವನ್ನೋ ಕುರಿತು ಮಾತನಾಡುವುದು ವಾಡಿಕೆ. ಆದರೆ ಶ್ರೀಗಳವರು ನನ್ನನ್ನು ಕರೆಸಿ, "ಪಂಡಿತರೆ, ಈ ಸಲ ಹುಡುಗರಿಗೆ ಬೇಕಾದುದನ್ನು ಹೇಳಿರಿ" ಎಂದು ಅಪ್ಪಣೆ ಕೊಡಿಸಿದರು. ಹುಡುಗರಿಗೆ ಬೇಕಾದುದು ಯಾವುದೆಂದು ನಾನು ನಿಲಯದಲ್ಲಿ ವಿಚಾರಿಸಲಾಗಿ, ಹೆಚ್ಚಿನವರ ಬಾಯಿಂದ ಹೊರಟ ಪ್ರಶ್ನೆ ಒಂದೇ ಆಗಿದ್ದಿತು: "ಮುಂದೆ ಯಾವ ವಿಷಯವನ್ನು ತೆಗೆದುಕೊಳ್ಳಲಿ?" ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗಿದೆಯೆಂದು ನಾನು ತಿಳಿದಿಲ್ಲ. ಒಮ್ಮೆ ಇದೇ ಪ್ರಶ್ನೆಗೆ ಅತ್ಯಂತ ಧೈರ್ಯದಿಂದ ತಪ್ಪು ಉತ್ತರ ಹೇಳಿದವನು ನಾನು. ಆ ತಪ್ಪನ್ನು ಈ ಸಭೆಯ ಮುಂದೆ ಒಪ್ಪಿಸುವುದೇ ಈ ಉಪನ್ಯಾಸದ ಬಹುಭಾಗವೆಂದು ತಾವು ಭಾವಿಸಬೇಕು.

ಪದವಿ ತರಗತಿಯಲ್ಲಿ ಮುಖ್ಯವಾಗಿ ಓದುವುದಕ್ಕೆ ಆರಿಸಿಕೊಳ್ಳುವ ವಿಷಯವನ್ನು ನಮ್ಮ ಹಿರಿಯರು ಐಚ್ಛಿಕ ವಿಷಯವೆಂದು ಕರೆದರು. ಇಚ್ಛೆಗೆ ಸೇರಿದುದು ಐಚ್ಛಿಕ; ಶಬ್ದವು ಸ್ಪಷ್ಟವಾಗಿಯೇ ಇದೆ. ಆದರೆ ಆ ಇಚ್ಛೆ ಯಾರದು? ಮನೆಮನೆಗಳಲ್ಲಿ ವಿಚಾರಿಸಿ ನೋಡಿದರೆ ಅದು ಒಮ್ಮೆ ತಂದೆಯದು, ಒಮ್ಮೆ ಸೋದರಮಾವನದು, ಒಮ್ಮೆ ಬೆಂಗಳೂರಿನಲ್ಲಿರುವ ನೆರೆಮನೆಯವರ ಮಗನದು. ಎಷ್ಟೋ ಸಲ ಅಂಕಪಟ್ಟಿಯದು. ನೂರಕ್ಕೆ ತೊಂಬತ್ತು ಬಂದವನಿಗೆ ಒಂದು ವಿಷಯ, ಎಪ್ಪತ್ತು ಬಂದವನಿಗೆ ಇನ್ನೊಂದು, ಐವತ್ತು ಬಂದವನಿಗೆ ಉಳಿದುದು ಎಂದು ಲೋಕವು ಹಂಚಿಟ್ಟಿದೆ. ಅಕ್ಕಿಯನ್ನು ಜರಡಿ ಹಿಡಿದಂತೆ ಮಕ್ಕಳನ್ನು ಜರಡಿ ಹಿಡಿಯುವುದು ಸುಲಭ. ಆದರೆ ಅಂಕವು ಹಿಂದೆ ಓದಿದುದರ ಲೆಕ್ಕವನ್ನು ಹೇಳೀತೇ ಹೊರತು ಮುಂದೆ ಯಾವುದನ್ನು ಓದಿದರೆ ಮನಸ್ಸು ನಿಂತೀತೆಂಬುದನ್ನು ಹೇಳಲಾರದು. ೨೦೨೫ನೆಯ ಇಸವಿಯ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯು ನೂರಕ್ಕೆ ೯೩.೯೦ರಷ್ಟು ತೇರ್ಗಡೆ ಪಡೆದು ರಾಜ್ಯಕ್ಕೇ ಮೊದಲನೆಯದಾಯಿತು. ಅಭಿಮಾನಪಡತಕ್ಕ ಸಂಗತಿಯೇ ಅದು. ಆದರೂ ಫಲಿತಾಂಶ ಬಂದ ಮಾರನೆಯ ದಿನ ಅಲ್ಲಿಯ ಮನೆಗಳಲ್ಲಿಯೂ ನಮ್ಮ ಮಲೆನಾಡಿನ ಮನೆಗಳಲ್ಲಿರುವ ತಳಮಳವೇ ಇರುತ್ತದೆ.

ಮೊದಲು ನನ್ನ ಸ್ವಂತ ಅನುಭವವನ್ನು ನಿವೇದಿಸುತ್ತೇನೆ. ನಾನು ಪಾಠಶಾಲೆಯಲ್ಲಿ ಕಾವ್ಯಪಾಠವನ್ನು ಮುಗಿಸಿದಾಗ ನನಗೆ ಹದಿನೈದು ವರ್ಷ. ಅನಂತರ ಒಂದು ಶಾಸ್ತ್ರವನ್ನು ಹಿಡಿಯಬೇಕಾಗಿದ್ದಿತು. ವ್ಯಾಕರಣ, ತರ್ಕ, ಜ್ಯೋತಿಷ, ಸಾಹಿತ್ಯ ಎಂದು ನಾಲ್ಕು ದಾರಿಗಳು. ಆ ವರ್ಷ ಸಭೆಯೊಂದರಲ್ಲಿ ತರ್ಕವಿದ್ವಾಂಸರೊಬ್ಬರು ವಾದದಲ್ಲಿ ಗೆದ್ದು ಶಾಲು ಹೊದಿಸಿಕೊಂಡುದನ್ನು ಕಣ್ಣಾರೆ ಕಂಡಿದ್ದೆನಾದ ಕಾರಣ, ಗುರುಗಳು ಕೇಳಿದ ಕೂಡಲೆ "ತರ್ಕ" ಎಂದುಬಿಟ್ಟೆ. ಗುರುಗಳು ಬೇಡವೆನ್ನಲಿಲ್ಲ. ಎರಡು ವರ್ಷ ತರ್ಕವನ್ನು ಓದಿದೆ. ಓದಿದೆನೆನ್ನುವುದಕ್ಕಿಂತ ಹೊತ್ತೆನೆಂದರೆ ಸರಿಯಾದೀತು. ಪಾಠವನ್ನು ಒಪ್ಪಿಸುತ್ತಿದ್ದೆ, ಪಾಠ ಮುಗಿದೊಡನೆ ಪುಸ್ತಕವನ್ನು ಮುಚ್ಚುತ್ತಿದ್ದೆ. ಒಂದು ದಿನ ಗುರುಗಳು ಭಂಡಾರದಿಂದ ಓಲೆಗರಿಯ ಎರಡು ಪ್ರತಿಗಳನ್ನು ತೆಗೆಸಿ, ಇವುಗಳಲ್ಲಿ ಭೇದವೇನಿದೆ ನೋಡಿ ಬರೆದು ತಾ ಎಂದರು. ನಾನು ಸಾಯಂಕಾಲ ಕುಳಿತೆ. ಒಂದು ಪ್ರತಿಯಲ್ಲಿ ಲಿಪಿಕಾರನು ಒಂದು ಪಂಕ್ತಿಯನ್ನೇ ಹಾರಿಸಿದ್ದನು. ಮುಂದಿನ ಪಂಕ್ತಿಯೂ ಅದೇ ಅಕ್ಷರದಿಂದ ಆರಂಭವಾಗಿದ್ದುದರಿಂದ ಅವನ ಕಣ್ಣು ಜಾರಿದ್ದಿತು. ಅದನ್ನು ಕಂಡುಹಿಡಿದಾಗ ನನಗಾದ ಸಂತೋಷದಲ್ಲಿ ಪ್ರಸಾದದ ಗಂಟೆ ಹೊಡೆದುದೂ ತಿಳಿಯಲಿಲ್ಲ. ಗುರುಗಳು ಬಾಗಿಲಲ್ಲಿ ನಿಂತು, "ಊಟ ಮರೆತವನಿಗೆ ಶಾಸ್ತ್ರ ಸಿಕ್ಕಿತು" ಎಂದು ಹೇಳಿ ಹೊರಟುಹೋದರು. ಅಂದಿನಿಂದ ಇಂದಿನವರೆಗೆ ಮೂವತ್ತಕ್ಕೂ ಮಿಕ್ಕಿ ವರ್ಷ ಶ್ರೀಮಠದ ಓಲೆಗರಿಗಳ ಸೇವೆಯಲ್ಲಿಯೇ ಇದ್ದೇನೆ. ಬೇಸರವೆಂಬುದನ್ನು ಅರಿಯೆನು.

ಇಷ್ಟನ್ನು ಅನುಭವಿಸಿದವನು ಅನ್ಯರ ವಿಷಯದಲ್ಲಿ ಎಚ್ಚರವಾಗಿರಬೇಡವೆ? ಇರಲಿಲ್ಲ. ನನ್ನ ತಮ್ಮನ ಮಗನು ಪಿಯುಸಿಯಲ್ಲಿ ವಿಜ್ಞಾನವನ್ನು ಓದಿ ಒಳ್ಳೆಯ ಅಂಕಗಳನ್ನು ಪಡೆದನು. "ಅಣ್ಣಾ, ನೀವೇ ಹೇಳಿ" ಎಂದು ತಮ್ಮನು ನನ್ನ ಬಳಿಗೆ ಬಂದನು. ನಾನು ಹುಡುಗನನ್ನು ಏನೂ ಕೇಳದೆ, "ಇಷ್ಟು ಅಂಕ ಬಂದ ಮೇಲೆ ಇಂಜಿನಿಯರಿಂಗ್ ಅಲ್ಲದೆ ಇನ್ನೇನು?" ಎಂದೆ. ಮನೆಯ ಹಿರಿಯ, ಅದರಲ್ಲಿಯೂ ಪಂಡಿತ. ನನ್ನ ಮಾತಿಗೆ ಎದುರಿಲ್ಲ. ತಮ್ಮನು ಅಡಕೆಯ ಫಸಲಿನ ಮೇಲೆ ಸಾಲ ಮಾಡಿ ಕರಾವಳಿಯ ಒಂದು ಕಾಲೇಜಿಗೆ ಮಗನನ್ನು ಸೇರಿಸಿದನು. ಎರಡನೆಯ ವರ್ಷದ ನಡುವೆ ಹುಡುಗನಿಂದ ನನಗೊಂದು ಕಾಗದ ಬಂದಿತು. ಅದರಲ್ಲಿ ಕುಶಲಪ್ರಶ್ನೆಗಳಾದ ಮೇಲೆ ಒಂದೇ ವಾಕ್ಯವಿದ್ದಿತು: "ದೊಡ್ಡಪ್ಪ, ನಾನಿಲ್ಲಿ ಓದುತ್ತಿರುವುದು ನಿಮ್ಮ ಮಾತನ್ನು, ವಿಷಯವನ್ನಲ್ಲ." ನಾಲ್ಕು ವಿಷಯಗಳಲ್ಲಿ ಅವನು ತೇರ್ಗಡೆಯಾಗಿರಲಿಲ್ಲವೆಂಬುದು ಆಮೇಲೆ ತಿಳಿಯಿತು.

ನಾನು ಮರುದಿನವೇ ಆಗುಂಬೆಯ ಘಟ್ಟವಿಳಿದು ಹೊರಟೆ. ಸೋಮೇಶ್ವರ, ಹೆಬ್ರಿಗಳನ್ನು ದಾಟಿ ಬಸ್ಸು ಮಣಿಪಾಲದ ಗುಡ್ಡವನ್ನು ಮುಟ್ಟುವವರೆಗೆ ದಾರಿಯುದ್ದಕ್ಕೂ ಹುಡುಗನಿಗೆ ಹೇಳಬೇಕಾದ ಬುದ್ಧಿಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅವನ ಕೋಣೆಗೆ ಹೋದಾಗ ಹುಡುಗನು ಸ್ನಾನಕ್ಕೆ ಹೋಗಿದ್ದನು. ಮೇಜಿನ ಮೇಲೆ ಕಾಲೇಜಿನ ಪುಸ್ತಕಗಳು ಧೂಳು ಹಿಡಿದಿದ್ದವು. ಅವುಗಳ ಪಕ್ಕದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದ್ದಿತು. ಅದರ ಅಂಚುಗಳು ಮಾತ್ರ ಕೈಯಾಡಿಸಿ ಸವೆದಿದ್ದವು. ತೆರೆದು ನೋಡಿದೆ. ಪ್ರತಿ ಭಾನುವಾರ ಮಲ್ಪೆಯ ಬಂದರಿಗೆ ಹೋಗಿ, ಅಂದು ಎಷ್ಟು ದೋಣಿಗಳು ಬಂದವು, ಬಂಗುಡೆಗೆ ಏನು ಬೆಲೆ, ಬೂತಾಯಿಗೆ ಏನು ಬೆಲೆ, ಅದೇ ಮೀನಿಗೆ ಉಡುಪಿಯ ಪೇಟೆಯಲ್ಲಿ ಏನು ಬೆಲೆ ಎಂದು ಒಂದೂವರೆ ವರ್ಷದಿಂದ ಬರೆದಿಟ್ಟಿದ್ದನು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ೬೧ ದಿವಸ ಯಂತ್ರದೋಣಿಗಳು ಕಡಲಿಗಿಳಿಯಕೂಡದೆಂಬ ನಿಷೇಧವಿದೆಯಷ್ಟೆ. ಅದಕ್ಕೆ ಮೊದಲು ಬೆಲೆ ಹೇಗಿದ್ದಿತು, ಅನಂತರ ಎಷ್ಟು ವಾರಗಳಲ್ಲಿ ಇಳಿಯಿತು ಎಂಬುದನ್ನು ಗೆರೆಯೆಳೆದು ಚಿತ್ರವಾಗಿ ತೋರಿಸಿದ್ದನು. ಪವಿತ್ರವಾದ ಈ ಸಭೆಯಲ್ಲಿ ಮೀನಿನ ಮಾತನ್ನೆತ್ತಿದುದಕ್ಕೆ ತಾವು ಕ್ಷಮಿಸಬೇಕು. ನಮ್ಮ ಹುಡುಗನ ಕಣ್ಣು ಮೀನಿನ ಮೇಲಿರಲಿಲ್ಲ. ಬೆಲೆಯು ಏಕೆ ಏರುತ್ತದೆ, ಏಕೆ ಇಳಿಯುತ್ತದೆ, ನಡುವಿನ ಹಣ ಯಾರ ಕೈ ಸೇರುತ್ತದೆ ಎಂಬುದರ ಮೇಲಿದ್ದಿತು.

ಅವನು ಸ್ನಾನ ಮುಗಿಸಿ ಬಂದು, ಪುಸ್ತಕವು ನನ್ನ ಕೈಯಲ್ಲಿರುವುದನ್ನು ಕಂಡು ತಲೆ ತಗ್ಗಿಸಿದನು. "ಇದನ್ನು ಯಾರು ಮಾಡಹೇಳಿದರು?" ಎಂದು ಕೇಳಿದೆ. "ಯಾರೂ ಹೇಳಲಿಲ್ಲ ದೊಡ್ಡಪ್ಪ, ತಪ್ಪಾಯಿತು" ಎಂದನು. ಓಲೆಗರಿಯ ಮುಂದೆ ಊಟ ಮರೆತು ಕುಳಿತ ಹುಡುಗನು ಆಗ ನನ್ನ ಕಣ್ಣಿಗೆ ಕಟ್ಟಿದನು. ದಾರಿಯಲ್ಲಿ ಜೋಡಿಸಿಕೊಂಡ ಬುದ್ಧಿಮಾತುಗಳೆಲ್ಲ ನನಗೇ ಬೇಕಾದವುಗಳಾಗಿದ್ದವು.

ಅಲ್ಲಿ ಮೂರು ದಿವಸ ನಿಂತೆ. ಹುಡುಗನನ್ನು ಕರೆದುಕೊಂಡು ಆ ನಾಡನ್ನು ಸುತ್ತಿದೆ. ಅಲ್ಲಿ ಕಂಡುದನ್ನೂ ವಿಚಾರಿಸಿ ತಿಳಿದುದನ್ನೂ ಸಂಕ್ಷೇಪವಾಗಿ ಹೇಳುತ್ತೇನೆ. ಏಕೆಂದರೆ ನಮ್ಮ ಪ್ರಶ್ನೆಗೆ ಉತ್ತರಗಳು ಆ ನೆಲದಲ್ಲಿಯೇ ಬಿದ್ದಿವೆ.

ಮೊದಲನೆಯ ದಿನ ಮಣಿಪಾಲ ಮತ್ತು ಉಡುಪಿ. ಮಣಿಪಾಲವು ಎಂಬತ್ತು ವರ್ಷಗಳ ಕೆಳಗೆ ಬೋಳುಗುಡ್ಡವಾಗಿದ್ದಿತು. ಉಡುಪಿಯಲ್ಲಿ ೧೯೪೯ರಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, ಮಣಿಪಾಲದ ಗುಡ್ಡದ ಮೇಲೆ ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ೧೯೫೭ರಲ್ಲಿ ಇಂಜಿನಿಯರಿಂಗ್ ಕಾಲೇಜು ಹೀಗೆ ಒಂದರ ಹಿಂದೊಂದಾಗಿ ಕಟ್ಟಿಸಿದವರು ಡಾಕ್ಟರ್ ಟಿ. ಎಂ. ಎ. ಪೈಗಳು. ಅವರು ಓದಿದ ವಿಷಯವು ವೈದ್ಯಕ. ಆದರೆ ಔಷಧವನ್ನು ಕೊಡುತ್ತಿದ್ದ ಆ ವೈದ್ಯರು ಸುತ್ತಲಿನ ಜನರ ಬಡತನವನ್ನು ಕಂಡು, ೧೯೨೫ರಲ್ಲಿ ಅಣ್ಣನವರಾದ ಉಪೇಂದ್ರ ಪೈಗಳೊಡನೆಯೂ ವಾಮನ ಕುಡ್ವರೊಡನೆಯೂ ಸೇರಿ, ೮೦೦೦ ರೂಪಾಯಿಗಳ ಮೂಲಧನದಿಂದ ಉಡುಪಿಯಲ್ಲಿ ಬ್ಯಾಂಕೊಂದನ್ನು ಆರಂಭಿಸಿದರು. ಸಂಕಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಒಂದು ಉದ್ದೇಶ. ೧೯೨೮ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸುವ ಪಿಗ್ಮಿ ಠೇವಣಿಯ ಕ್ರಮವು ಅಲ್ಲಿಂದಲೇ ಹೊರಟಿತು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ವೈದ್ಯಕವನ್ನು ಓದಿದವರು ಬ್ಯಾಂಕನ್ನೂ ಕಾಲೇಜುಗಳನ್ನೂ ಕಟ್ಟಿದರೆಂದ ಮೇಲೆ, ಐಚ್ಛಿಕ ವಿಷಯವು ಮನುಷ್ಯನನ್ನು ಕಟ್ಟಿಹಾಕುವ ಗೂಟವಲ್ಲವೆಂಬುದು ಸ್ಪಷ್ಟ. ಹದಿನೆಂಟನೆಯ ವರ್ಷದಲ್ಲಿ ತಪ್ಪಿದರೆ ಜನ್ಮವೇ ಕೆಟ್ಟಿತೆಂದು ಹೆದರುವ ಮಕ್ಕಳು ಇದನ್ನು ನೆನೆಯಬೇಕು.

ಎರಡನೆಯ ದಿನ ಕಾಪು. ಕಡಲೊಳಕ್ಕೆ ಚಾಚಿದ ಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಸಾಯಂಕಾಲ ಅದರ ಬುಡದಲ್ಲಿ ಕುಳಿತು ಹುಡುಗನು ಕೇಳಿದನು: "ದೊಡ್ಡಪ್ಪ, ಈಗ ನಾನು ಏನು ಮಾಡಲಿ, ನೀವೇ ಹೇಳಿಬಿಡಿ." ನಾನು ದೀಪವನ್ನು ತೋರಿಸಿದೆ. ಬಂಡೆ ಇರುವುದಿಲ್ಲಿ, ದಡ ಇರುವುದಿಲ್ಲಿ ಎಂದಷ್ಟೇ ಅದು ಹೇಳುತ್ತದೆ. ಯಾವ ಬಂದರಿಗೆ ಹೋಗಬೇಕೆಂಬುದನ್ನು ದೋಣಿಯವನೇ ನಿಶ್ಚಯಿಸಬೇಕು. ಹಿಂದೆ ನಾನು ದೀಪವಾಗಿರಬೇಕಾದ ಕಡೆ ಚುಕ್ಕಾಣಿಗೆ ಕೈ ಹಾಕಿದ್ದೆ. ಮತ್ತೆ ಹಾಗೆ ಮಾಡಲಾರೆನೆಂದು ಹೇಳಿದೆ.

ಕಾಪುವಿಗೆ ಸಮೀಪದಲ್ಲಿಯೇ ಅದಮಾರು ಎಂಬ ಗ್ರಾಮವಿದೆ. ೧೯೩೨ರಲ್ಲಿ ಅಲ್ಲಿ ಹುಟ್ಟಿದ ಬಾಲಕನೊಬ್ಬನು ಊರಿನಲ್ಲಿಯೇ ಅಕ್ಷರ ಕಲಿತು, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿ, ಇಂಟರ್‌ಮೀಡಿಯೆಟ್ ವ್ಯಾಸಂಗಕ್ಕಾಗಿ ಬಳ್ಳಾರಿಯ ವೀರಶೈವ ಕಾಲೇಜನ್ನು ಸೇರಿದನು. ನಮ್ಮ ಸಮಾಜದ ಹಿರಿಯರು ಕಟ್ಟಿದ ವಿದ್ಯಾಸಂಸ್ಥೆಯೊಂದು ಕಡಲತೀರದ ಆ ಹುಡುಗನಿಗೆ ಒಂದು ಮೆಟ್ಟಿಲಾಯಿತೆಂಬುದು ನಮಗೆ ಸಂತೋಷದ ಮಾತು. ಅಲ್ಲಿಂದ ಅನಂತಪುರದಲ್ಲಿ ಬಿ.ಎಸ್ಸಿ., ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ., ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಗಳ ಬಳಿ ವಿಶ್ವಕಿರಣಗಳ ಸಂಶೋಧನೆ. ಆ ಬಾಲಕನೇ ಪ್ರೊಫೆಸರ್ ಯು. ಆರ್. ರಾವ್. ೧೯೭೫ನೆಯ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಆಕಾಶಕ್ಕೇರಿದ ನಮ್ಮ ದೇಶದ ಮೊದಲ ಉಪಗ್ರಹ 'ಆರ್ಯಭಟ'ವು ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾಯಿತು. ೧೯೮೪ರಿಂದ ೧೯೯೪ರವರೆಗೆ ಅವರು ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಅಧ್ಯಕ್ಷರಾಗಿದ್ದು, ೨೦೧೭ರಲ್ಲಿ ದಿವಂಗತರಾದರು.

ವಿದ್ಯಾರ್ಥಿಗಳೆ, ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ರಾಯರು ಬಿ.ಎಸ್ಸಿ. ಓದುತ್ತಿದ್ದಾಗ ಲೋಕದಲ್ಲಿ ಕೃತಕ ಉಪಗ್ರಹವೆಂಬುದೇ ಇರಲಿಲ್ಲ. ಮೊದಲನೆಯದು ಮೇಲೇರಿದುದು ೧೯೫೭ರಲ್ಲಿ. "ಉಪಗ್ರಹ ಮಾಡುವ ವಿಷಯ ಯಾವುದು?" ಎಂದು ಅವರು ಕೇಳಿದ್ದರೆ ಯಾವ ಕಾಲೇಜೂ ಉತ್ತರ ಕೊಡಲಾಗುತ್ತಿರಲಿಲ್ಲ. ಅವರು ಹಿಡಿದುದು ಭೌತಶಾಸ್ತ್ರವೆಂಬ ಮೂಲವನ್ನು. ಇಂದು ನೀವು "ಯಾವ ಕೆಲಸ ಸಿಕ್ಕೀತು?" ಎಂದು ಕೇಳುತ್ತೀರಿ. ಆ ಪ್ರಶ್ನೆ ತಪ್ಪಲ್ಲ. ಆದರೆ ಇನ್ನು ಇಪ್ಪತ್ತು ವರ್ಷಕ್ಕೆ ನೀವು ಮಾಡಲಿರುವ ಕೆಲಸಕ್ಕೆ ಇಂದು ಹೆಸರೇ ಹುಟ್ಟಿಲ್ಲದಿರಬಹುದು. ಆದುದರಿಂದ ಉದ್ಯೋಗದ ಹೆಸರನ್ನು ನಂಬಿ ವಿಷಯವನ್ನು ಆರಿಸುವುದಕ್ಕಿಂತ, ಬುದ್ಧಿಗೆ ಬಲವನ್ನು ಕೊಡುವ ಮೂಲಶಾಸ್ತ್ರವನ್ನು ನಂಬಿ ಆರಿಸುವುದು ಲೇಸು.

ಮೂರನೆಯ ದಿನ ಕಾರ್ಕಳ. ಅಲ್ಲಿ ೧೪೩೨ರಲ್ಲಿ ಪ್ರತಿಷ್ಠಿತವಾದ, ೪೨ ಅಡಿ ಎತ್ತರದ ಬಾಹುಬಲಿಯ ಮೂರ್ತಿಯನ್ನು ದರ್ಶನ ಮಾಡಿದೆವು. ಆ ಊರಿನ ಶಿಲ್ಪಿಗಳ ಕೈಚಳಕವು ಅಂದಿಗೇ ಮುಗಿಯಲಿಲ್ಲ. ಧರ್ಮಸ್ಥಳದ ೩೯ ಅಡಿಯ ಬಾಹುಬಲಿಯನ್ನು ನಮ್ಮ ಕಾಲದಲ್ಲಿಯೇ ಕಡೆದ ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದವರೇ. ಶಿಲ್ಪವಿದ್ಯೆಯನ್ನು ಇಂದಿಗೂ ಅಲ್ಲಿ ತರುಣರು ಕಲಿಯುತ್ತಾರೆ. ಕಲ್ಲು ಕಡೆಯುತ್ತಿದ್ದ ಹಿರಿಯರೊಬ್ಬರನ್ನು ಮಾತನಾಡಿಸಿ, ಹೊಸಬನು ಈ ಕೆಲಸಕ್ಕೆ ತಕ್ಕವನೋ ಅಲ್ಲವೋ ಎಂಬುದನ್ನು ಹೇಗೆ ತಿಳಿಯುತ್ತೀರೆಂದು ಕೇಳಿದೆ. ಅವರು ಉಳಿಯನ್ನು ಕೆಳಗಿಡದೆಯೇ ಹೇಳಿದರು: "ಮೂರ್ತಿ ಮಾಡಲು ಎಲ್ಲರಿಗೂ ಆಸೆಯೇ, ಸ್ವಾಮಿ. ಚಪ್ಪಟೆ ಕಲ್ಲನ್ನು ಒಂದು ತಿಂಗಳು ನುಣ್ಣಗೆ ಮಾಡು ಎನ್ನುತ್ತೇವೆ. ಅದರಲ್ಲಿ ಯಾರಿಗೆ ಬೇಸರವಿಲ್ಲವೋ ಅವನು ನಿಲ್ಲುತ್ತಾನೆ." ನನ್ನ ಉಪನ್ಯಾಸದ ಸಾರವೆಲ್ಲ ಆ ಮಾತಿನಲ್ಲಿದೆ. ವಿಷಯದ ಫಲವನ್ನು ಪ್ರೀತಿಸುವವರು ಬಹಳ. ಅದರ ದಿನದಿನದ ದುಡಿಮೆಯನ್ನು ಪ್ರೀತಿಸುವವರು ಕೆಲವರು. ಆ ದುಡಿಮೆಯನ್ನು ಯಾರೂ ಹೇಳದೆಯೇ ಯಾವನು ಮಾಡುತ್ತಾನೋ ಆ ವಿಷಯವು ಅವನದು. ನಮ್ಮ ಶರಣರು ಇದನ್ನೇ ಕಾಯಕವೆಂದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಅವರ ಹೆಸರುಗಳ ಮುಂದೆಯೇ ಅವರ ಕೆಲಸಗಳು ನಿಂತಿವೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಾವು ಎಂಟು ನೂರು ವರ್ಷಗಳಿಂದ ಹೇಳುತ್ತ ಬಂದಿದ್ದೇವೆ. ಹಾಗಿರುವಲ್ಲಿ ವಿಜ್ಞಾನವು ಮೇಲು, ವಾಣಿಜ್ಯವು ಮಧ್ಯಮ, ಕಲೆಯು ಕೀಳು ಎಂಬ ಹೊಸ ಜಾತಿಭೇದವನ್ನು ನಮ್ಮ ಮನೆಗಳಲ್ಲಿ ಇಟ್ಟುಕೊಳ್ಳಬಹುದೆ?

ಇನ್ನು ಆರಿಸಿಕೊಳ್ಳುವ ಕ್ರಮವನ್ನು ಹೇಳುತ್ತೇನೆ. ಇವು ನಾನೂ ನನ್ನ ತಮ್ಮನ ಮಗನೂ ಆ ಮೂರು ದಿನಗಳಲ್ಲಿ ಕಂಡುಕೊಂಡ ಸೂತ್ರಗಳು.

ಮೊದಲನೆಯದು, ನಿನ್ನನ್ನು ನೀನೇ ಪರೀಕ್ಷಿಸು. ರಜೆಯಲ್ಲಿ, ಯಾರೂ ನೋಡದಿರುವಾಗ, ಅಂಕದ ಆಸೆಯಿಲ್ಲದೆ ನೀನು ಏನು ಮಾಡುತ್ತೀಯೆ? ಯಾವ ಪುಸ್ತಕವನ್ನು ಪರೀಕ್ಷೆಗೆ ಬೇಡವಾದರೂ ಓದಿದೆ? ಯಾವ ಲೆಕ್ಕವನ್ನು ಬಿಡಿಸದೆ ಮಲಗಲಾರದೆ ಹೋದೆ? ಒಂದು ತಿಂಗಳು ಬರೆದಿಟ್ಟು ನೋಡು.

ಎರಡನೆಯದು, ಮೊದಲ ವರ್ಷದ ಪುಸ್ತಕವನ್ನು ನೋಡಿ ಮರುಳಾಗಬೇಡ. ಕೊನೆಯ ವರ್ಷದ ಪುಸ್ತಕವನ್ನು ತೆರೆದು ನೋಡು. ಎಲ್ಲ ಶಾಸ್ತ್ರಗಳೂ ಬಾಗಿಲಲ್ಲಿ ನಗುತ್ತವೆ. ಮನಶ್ಶಾಸ್ತ್ರವೆಂದರೆ ಅನ್ಯರ ಮನಸ್ಸನ್ನು ಓದುವ ವಿದ್ಯೆಯೆಂದು ತಿಳಿದು ಸೇರಿದವರು, ಒಳಗೆ ಪ್ರಯೋಗವನ್ನೂ ಸಂಖ್ಯಾಶಾಸ್ತ್ರವನ್ನೂ ಕಂಡು ಬೆದರುತ್ತಾರೆ. ಕಂಪ್ಯೂಟರ್ ಶಾಸ್ತ್ರವು ಯಂತ್ರವನ್ನು ಬಳಸುವ ಚಾತುರ್ಯವಲ್ಲ. ಗಣಿತವೂ ತರ್ಕವೂ ಅದರ ಬೆನ್ನೆಲುಬು. ಅರ್ಥಶಾಸ್ತ್ರವು ಮೇಲೆ ಹೋದಂತೆ ಗಣಿತವನ್ನು ಕೇಳುತ್ತದೆ. ವೈದ್ಯಕವು ವರ್ಷಾನುವರ್ಷ ನೆನಪಿನ ಶಕ್ತಿಯನ್ನೂ ರಾತ್ರಿಯ ನಿದ್ರೆಯನ್ನೂ ಕೇಳುತ್ತದೆ. ಅಷ್ಟನ್ನು ಕೊಡಲು ಮನಸ್ಸಿದೆಯೆ ಎಂದು ಮೊದಲೇ ವಿಚಾರಿಸತಕ್ಕದ್ದು.

ಮೂರನೆಯದು, ಕೇಳಿ ತಿಳಿಯಬೇಕು; ಅದೂ ಸರಿಯಾದವರನ್ನು ಕೇಳಬೇಕು. ಪ್ರವೇಶದ ಹೊತ್ತಿಗೆ ಹಂಚುವ ಬಣ್ಣದ ಹಾಳೆಗಳು ಗುಣವನ್ನಷ್ಟೇ ಹೇಳುತ್ತವೆ. ಅದೇ ವಿಷಯವನ್ನು ಕೊನೆಯ ವರ್ಷದಲ್ಲಿ ಓದುತ್ತಿರುವವನನ್ನು ಕೇಳು. ಓದಿ ಐದು ವರ್ಷವಾದವನನ್ನು ಕೇಳು. ನಡುವೆ ಬಿಟ್ಟುಬಂದವನನ್ನು ತಪ್ಪದೆ ಕೇಳು. ಉಡುಪಿಯ ವಿದ್ಯಾರ್ಥಿಗೆ ಮಣಿಪಾಲವು ಕೂಗಳತೆಯ ದೂರ, ಕಾಪು ಅರ್ಧ ಗಂಟೆಯ ದಾರಿ, ಕಾರ್ಕಳವು ಒಂದು ಗಂಟೆಯ ದಾರಿ. ೧೯೬೦ರಲ್ಲಿ ಆರಂಭವಾದ ಉಡುಪಿಯ ಪೂರ್ಣಪ್ರಜ್ಞ ಕಾಲೇಜು, ಅದೇ ವರ್ಷದ ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜು ಮೊದಲಾದ ಹಳೆಯ ವಿದ್ಯಾಲಯಗಳೂ ಸರಕಾರಿ ಕಾಲೇಜುಗಳೂ ಆ ಸುತ್ತಿನೊಳಗೇ ಇವೆ. ಬಸ್ಸಿನ ಚೀಟಿಗೆ ಕೊಡುವ ಸ್ವಲ್ಪ ಹಣವು ಮೂರು ವರ್ಷಗಳ ಪಶ್ಚಾತ್ತಾಪವನ್ನು ಉಳಿಸೀತು.

ನಾಲ್ಕನೆಯದು, ಮನಸ್ಸು ಇನ್ನೂ ನಿಶ್ಚಯವಾಗಿಲ್ಲದವನು ಬಾಗಿಲುಗಳನ್ನು ಮುಚ್ಚಿಕೊಳ್ಳಬಾರದು. ಪಿಯುಸಿಯಲ್ಲಿ ಗಣಿತವನ್ನು ಬಿಟ್ಟವನಿಗೆ ಇಂಜಿನಿಯರಿಂಗ್ ಮುಚ್ಚುತ್ತದೆ. ಜೀವಶಾಸ್ತ್ರವನ್ನು ಬಿಟ್ಟವನಿಗೆ ವೈದ್ಯಕದ ದಾರಿ ಕಠಿಣವಾಗುತ್ತದೆ. ವಿಜ್ಞಾನವನ್ನು ಓದಿದವನು ಅರ್ಥಶಾಸ್ತ್ರಕ್ಕೋ ನ್ಯಾಯಶಾಸ್ತ್ರಕ್ಕೋ ಹೋಗಬಹುದು. ಪದವಿಯ ಅನಂತರ ಮೂರು ವರ್ಷ ಓದಿಯೂ ವಕೀಲನಾಗಬಹುದು, ಪಿಯುಸಿಯ ಅನಂತರ ಐದು ವರ್ಷ ಓದಿಯೂ ಆಗಬಹುದು. ಐ.ಎ.ಎಸ್. ಪರೀಕ್ಷೆಗೆ ಯಾವ ಪದವಿಯಾದರೂ ಸಲ್ಲುತ್ತದೆ. ಅಲ್ಲಿಯ ಐಚ್ಛಿಕ ವಿಷಯವು ಪದವಿಯದೇ ಆಗಿರಬೇಕೆಂಬ ನಿಯಮವಿಲ್ಲ. ಆದರೆ ಪ್ರೌಢಶಾಲೆಯ ಉಪಾಧ್ಯಾಯನಾಗಬೇಕೆಂಬ ಆಸೆಯುಳ್ಳವನು, ಮುಂದೆ ಬೋಧಿಸಬೇಕಾದ ವಿಷಯಗಳನ್ನು ಪದವಿಯಲ್ಲಿಯೇ ಓದಿರಬೇಕು. ನಿಯಮಗಳೂ ಬದಲಾಗುತ್ತಿರುತ್ತವೆ. ನಮ್ಮ ರಾಜ್ಯದಲ್ಲಿ ೨೦೨೧-೨೨ರಲ್ಲಿ ಹೊಸ ಶಿಕ್ಷಣನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಕ್ರಮವು ಬಂದಿತು. ೨೦೨೪-೨೫ರಿಂದ ಮತ್ತೆ ಮೂರು ವರ್ಷಗಳ ಪದವಿಯೇ ಆಯಿತು. ಆದುದರಿಂದ ಅಣ್ಣನು ಓದಿದ ಕ್ರಮವೇ ತಮ್ಮನಿಗೂ ಇರುವುದೆಂದು ನಂಬದೆ, ಸೇರುವ ವರ್ಷದ ನಿಯಮವನ್ನು ಕಾಲೇಜಿನ ಕಚೇರಿಯಲ್ಲಿಯೇ ಕೇಳಿ ತಿಳಿಯತಕ್ಕದ್ದು.

ಐದನೆಯದು ಹಣ. ಇದನ್ನು ಹೇಳಲು ನಾಚಬೇಕಾಗಿಲ್ಲ. ಮನೆಯಲ್ಲಿ ಎಷ್ಟಿದೆ, ಸಾಲ ಮಾಡಿದರೆ ತೀರಿಸುವವರು ಯಾರು ಎಂಬುದನ್ನು ತಂದೆಯೂ ಮಗನೂ ಎದುರೆದುರು ಕುಳಿತು ಮಾತನಾಡಬೇಕು. ಅದೇ ವಿಷಯವು ಸರಕಾರಿ ಕಾಲೇಜಿನಲ್ಲಿ ಸ್ವಲ್ಪ ಶುಲ್ಕಕ್ಕೆ ದೊರೆಯುವುದಾದರೆ ಅದರಲ್ಲಿ ಅವಮಾನವೇನೂ ಇಲ್ಲ. ಸಾಲದ ಭಾರವನ್ನು ಹೊತ್ತ ಹುಡುಗನಿಗೆ ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವೂ ಹೋಗುತ್ತದೆ. ನಮ್ಮ ಹುಡುಗನು ಒಂದೂವರೆ ವರ್ಷ ಬಾಯಿ ಬಿಡದಿದ್ದುದಕ್ಕೆ ಅಡಕೆಯ ಮೇಲಿನ ಆ ಸಾಲವೇ ಕಾರಣ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಗಂಡುಮಕ್ಕಳಿಗಾದರೆ "ಯಾವ ವಿಷಯ?" ಎಂದು ಕೇಳುತ್ತೇವೆ, ಹೆಣ್ಣುಮಕ್ಕಳಿಗೆ "ಯಾವ ಬಸ್ಸು?" ಎಂದು ಕೇಳುತ್ತೇವೆ. ಮನೆಗೆ ಹತ್ತಿರವಿರುವ ಕಾಲೇಜಿನಲ್ಲಿ ಏನಿದೆಯೋ ಅದೇ ಅವಳ ಐಚ್ಛಿಕವಾಗಿಬಿಡುತ್ತದೆ. ಶರಣರೊಡನೆ ಶರಣೆಯರೂ ಸರಿಸಮನಾಗಿ ಕುಳಿತು ವಿಚಾರಮಾಡಿದ ಪರಂಪರೆ ನಮ್ಮದು. ಮಗಳ ಇಚ್ಛೆಯನ್ನೂ ಅಷ್ಟೇ ಆದರದಿಂದ ಕೇಳತಕ್ಕದ್ದು.

ಒಂದನ್ನು ಆರಿಸಿದವನು ಉಳಿದುದನ್ನು ತಿರಸ್ಕರಿಸಬೇಕಾದುದಿಲ್ಲ. ಘಟ್ಟದ ಮೇಲಿಂದ ಈ ಕರಾವಳಿಯನ್ನೂ ಆಳಿದ ಕೆಳದಿಯ ಅರಸರಲ್ಲಿ ಬಸವರಾಜನು ಹದಿನೆಂಟನೆಯ ಶತಮಾನದ ಆರಂಭದಲ್ಲಿ 'ಶಿವತತ್ತ್ವರತ್ನಾಕರ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜನೀತಿ, ಜ್ಯೋತಿಷ, ವೈದ್ಯ, ಸಂಗೀತ, ಪಾಕಶಾಸ್ತ್ರಗಳವರೆಗೆ ಎಲ್ಲವೂ ಅದರಲ್ಲಿವೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಬೆಂಗಳೂರಿನ ಸೆಂಟ್ರಲ್ಕಾಲೇಜಿನಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಐಚ್ಛಿಕವಾಗಿ ಓದುತ್ತಿದ್ದವರು. ೧೯೩೦ರಲ್ಲಿ ಮಠದ ಹೊಣೆ ಬಂದುದರಿಂದ ಪದವಿಯು ಪೂರ್ಣವಾಗಲಿಲ್ಲ. ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟರು. ಪದವಿಯು ನಿಂತರೂ ವಿದ್ಯೆಯ ಪ್ರೀತಿಯು ನಿಲ್ಲಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹುಡುಗನ ಕಥೆಯನ್ನು ಮುಗಿಸಬೇಕು. ಅವನು ತಾನೇ ಯೋಚಿಸಿ, ಎರಡು ಕಾಲೇಜುಗಳಿಗೆ ಹೋಗಿ ವಿಚಾರಿಸಿ, ಅರ್ಥಶಾಸ್ತ್ರವನ್ನೂ ಸಂಖ್ಯಾಶಾಸ್ತ್ರವನ್ನೂ ಆರಿಸಿಕೊಂಡನು. ಎರಡು ವರ್ಷಗಳು ಹೋದವು, ಶುಲ್ಕವೂ ಹೋಯಿತು. ನನ್ನ ತಮ್ಮನು ಆರು ತಿಂಗಳು ನನ್ನೊಡನೆ ಮಾತನಾಡಲಿಲ್ಲ. ಅವನ ಕೋಪವು ನ್ಯಾಯವಾದುದೆಂದು ನಾನೂ ಸುಮ್ಮನಿದ್ದೆ. ಆ ಸಾಲದಲ್ಲಿ ಅರ್ಧವನ್ನು ನಾನು ಈಗಲೂ ತೀರಿಸುತ್ತಿದ್ದೇನೆ. ಹುಡುಗನು ದೊಡ್ಡ ಮನುಷ್ಯನಾದನೆಂದು ಹೇಳಿ ತಮ್ಮಿಂದ ಕರತಾಡನವನ್ನು ಅಪೇಕ್ಷಿಸಲಾರೆ. ಅವನು ಇನ್ನೂ ಓದುತ್ತಿದ್ದಾನೆ. ಆದರೆ ಹೋದ ದೀಪಾವಳಿಗೆ ಊರಿಗೆ ಬಂದಾಗ ಅವನ ಚೀಲದಲ್ಲಿ ಎರಡನೆಯ ಲೆಕ್ಕದ ಪುಸ್ತಕವಿದ್ದಿತು. ಈ ಸಲ ಅದರಲ್ಲಿದ್ದುದು ನಮ್ಮ ಅಡಕೆಯ ಧಾರಣೆ. ತಂದೆಯೂ ಮಗನೂ ಜಗಲಿಯಲ್ಲಿ ಕುಳಿತು, ಯಾವ ತಿಂಗಳು ಮಾರಿದ್ದರೆ ಎಷ್ಟು ಬರುತ್ತಿದ್ದಿತೆಂದು ರಾತ್ರಿಯವರೆಗೆ ಲೆಕ್ಕ ಹಾಕಿದರು. ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ಆದುದರಿಂದ ಹಿರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಕ್ಕಳು ಏನನ್ನು ಓದಬೇಕೆಂದು ಹೇಳುವುದಕ್ಕೆ ಮೊದಲು, ಅವರ ಮೇಜಿನ ಮೇಲೆ ಯಾವ ಪುಸ್ತಕದ ಅಂಚು ಸವೆದಿದೆಯೆಂಬುದನ್ನು ನೋಡಿರಿ. ವಿದ್ಯಾರ್ಥಿಗಳಲ್ಲಿ ನನ್ನ ಪ್ರಾರ್ಥನೆ: ತಪ್ಪು ದಾರಿಯಲ್ಲಿದ್ದೇವೆಂದು ತಿಳಿದ ದಿನವೇ ಒಂದು ಕಾಗದ ಬರೆಯಿರಿ, ಒಂದೂವರೆ ವರ್ಷ ಕಾಯಬೇಡಿರಿ. ಬರೆಯಲು ಮನೆಯಲ್ಲಿ ಯಾರೂ ಇಲ್ಲವೆಂದು ತೋರಿದರೆ ಶ್ರೀಮಠದ ಗ್ರಂಥಭಂಡಾರದ ವಿಳಾಸಕ್ಕೆ ಬರೆಯಿರಿ. ನಾನು ಘಟ್ಟವಿಳಿದು ಬರುತ್ತೇನೆ. ಈ ಸಲ ಉತ್ತರವನ್ನು ತರದೆ, ಕೇಳುವುದಕ್ಕಾಗಿ ಬರುತ್ತೇನೆ.



ಶಿವಾರ್ಪಣಮಸ್ತು.